ಬೆಟ್ಟದೂರಿನ ಸೂಚನೆಗಳು

ಜಯಮಾಲಾ ಇಂಡಿ ಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಹದಿನೇಳು ವರ್ಷದಿಂದ ಹಿಂದಿ ಕಲಿಸುತ್ತಿದ್ದಳು. ಹಿಮಾಲಯದ ಪಾಠ ಬಂದಾಗಲೆಲ್ಲ ಹಲಗೆಯ ಮೇಲೆ ಮೂರು ತ್ರಿಕೋನ ಬರೆದು ತೋರಿಸುತ್ತಿದ್ದಳೇ ಹೊರತು, ಸೊಲ್ಲಾಪುರದಿಂದಾಚೆಗೆ ರೈಲಿನಲ್ಲಿ ಕುಳಿತವಳಲ್ಲ. ಈ ವರ್ಷ ದಸರೆ ರಜೆಗೆ ಹಿಮಾಚಲಕ್ಕೆ ಹೋಗಿಯೇ ಸೈ ಎಂದು ಶ್ರಾವಣದಲ್ಲೇ ಗಟ್ಟಿ ಮಾಡಿಕೊಂಡಳು. ಗಂಡ ಅನೀಲಕುಮಾರ ಆಲಮೇಲದ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ದೀಪಾವಳಿ ಹೊತ್ತಿಗೆ ಕಬ್ಬು ನುರಿಸುವುದು ಶುರುವಾದರೆ ಮತ್ತೆ ಯುಗಾದಿಯವರೆಗೆ ರಜೆಯ ಮಾತೆತ್ತುವ ಹಾಗಿರಲಿಲ್ಲ. ಅವನ ಮೇಲಧಿಕಾರಿ ಸಿಂದಗಿಯ ಕಲ್ಮೇಶ ಸುದ್ದಿ ಕೇಳಿ, "ನಾವೂ ಬರ್ತೇವಿ ತಡೀರಿ" ಎಂದ. ಕಲ್ಮೇಶ, ಅವನ ಹೆಂಡತಿ ದಾನೇಶ್ವರಿ, ಇಬ್ಬರು ಹೆಣ್ಣುಮಕ್ಕಳು. ಇತ್ತ ಜಯಮಾಲಾ, ಅನೀಲಕುಮಾರ ಮತ್ತು ಮಾವ ಶಂಕರೆಪ್ಪ. ಏಳು ಮಂದಿಗೆ ರೈಲಿನ ಟಿಕೇಟು ಆಯಿತು.

ಪ್ರವಾಸ ಏರ್ಪಡಿಸುವ ಕಂಪನಿಗಳನ್ನು ಜಯಮಾಲಾ ನಂಬುತ್ತಿರಲಿಲ್ಲ. "ಅಲ್ಲೇ ಇರೂ ಮಂದೀನ ಕೇಳೂಣು. ಅವರಿಗಿಂತ ಯಾರಿಗಿ ಗೊತ್ತಿರ್ತೈತಿ?" ಎಂದು ಅಬ್ದುಲಗನಿಯನ್ನು ಮನೆಗೆ ಕರೆಸಿದಳು.

ಅಬ್ದುಲಗನಿ ಇಂಡಿಯ ನಿಂಬೆಹಣ್ಣು ದಿಲ್ಲಿಗೆ ಒಯ್ಯುವ ಲಾರಿ ಡ್ರೈವರ್. ಸೇಬಿನ ಹಂಗಾಮಿನಲ್ಲಿ ಅಲ್ಲಿಂದ ಮೇಲೆ ಹಿಮಾಚಲಕ್ಕೆ ಹೋಗಿ ಸೇಬು ತುಂಬಿಕೊಂಡು ಬರುತ್ತಿದ್ದ. ಅವನು ಹೇಳಿದ್ದು ಒಂದೇ ಹೆಸರು.

"ಸರೋಲಿ ಅಂತ ಊರ ಐತ್ರಿ ಟೀಚರ್. ಹೋದ ವರ್ಷ ಗುಡ್ಡ ಕುಸದು ದಾರಿ ಬಂದ್ ಆದಾಗ ಹತ್ತ ದಿನಾ ಅಲ್ಲೇ ಇದ್ನಿ. ಜ್ಞಾನದಾಸಿ ಅಂತ ಒಬ್ಬಾಕಿ, ಆಕಿ ಗಂಡ ಜೀವನಲಾಲ. ಹತ್ತೂ ದಿನಾ ರೊಟ್ಟಿ ಮಾಡಿ ಹಾಕ್ಯಾರ. ಈಗ ಮನಿಯೊಳಗ ಎರಡ ಖೋಲಿ ಬಂದವರಿಗಿ ಕೊಡ್ತಾರ. ಲಾಡ್ಜಿಗಿ ಹೋಗಬ್ಯಾಡ್ರಿ, ಅಲ್ಲೇ ಇಳೀರಿ."

ಅವನು ಕೊಟ್ಟ ನಂಬರಿಗೆ ಜಯಮಾಲಾ ಫೋನು ಹಚ್ಚಿದಳು. ಜ್ಞಾನದಾಸಿಯ ದನಿ ಜೋರು. ಸದಾ ಹಳ್ಳದ ಸದ್ದಿನ ಮೇಲೆ ಮಾತಾಡಿ ರೂಢಿಯಾದವರ ದನಿ. ಜಯಮಾಲಾಳ ಹಿಂದಿ ಕೇಳಿ, "ನೀವು ರೇಡಿಯೋದವರ ಹಾಗೆ ಮಾತಾಡುತ್ತೀರಿ" ಎಂದು ನಕ್ಕಳು. ಕೇಳಿದ್ದಕ್ಕೂ ಕೇಳದ್ದಕ್ಕೂ ಸಲಹೆ ಕೊಟ್ಟಳು. ಕೆಳಗಿನ ಪಟ್ಟಣದಿಂದ ಮುಂಜಾನೆಯ ಬಸ್ಸೇ ಹಿಡಿಯಿರಿ, ಮಧ್ಯಾಹ್ನದ ಬಸ್ಸಿನವನಿಗೆ ಮನೆಗೆ ಹೋಗುವ ಅವಸರ. ಬಂದ ದಿನ ತಲೆಗೆ ನೀರು ಹಾಕಿಕೊಳ್ಳಬೇಡಿ. ಶಾಲು ಪೇಟೆಯಲ್ಲಿ ಕೊಳ್ಳಬೇಡಿ, ನಮ್ಮೂರ ಮಗ್ಗದ್ದು ನೋಡಿ. ನಮ್ಮ ಅಡುಗೆ ನಿಮಗೆ ಸಪ್ಪೆ, ಖಾರದ ಪುಡಿ ತನ್ನಿ. ಆ ಲಾರಿಯಣ್ಣ ಕೊಟ್ಟ ನಿಂಬೆಹಣ್ಣಿನ ಉಪ್ಪಿನಕಾಯಿ ಮುಗಿದಿದೆ, ಅದನ್ನೂ ತನ್ನಿ. ಜಯಮಾಲಾ ಎಲ್ಲವನ್ನೂ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಸರೋಲಿಯ ಬಸ್ ನಿಲ್ದಾಣದ ಚಹಾದಂಗಡಿಯವನ ನಂಬರನ್ನೂ ಜ್ಞಾನದಾಸಿಯೇ ಕೊಟ್ಟಳು. ಅವನು, "ಮಳೆ ನಿಂತ ಕೂಡಲೇ ರಸ್ತೆ ಹತ್ತಬೇಡಿ. ಮೂರು ದಿನ ಬಿಸಿಲು ಬೀಳಲಿ" ಎಂದ. ಅದೂ ಬುಕ್ಕಿಗೆ ಬಂತು.

ವಾರಕ್ಕೊಮ್ಮೆ ಫೋನು ಮಾಡುವುದು ಅಭ್ಯಾಸವಾಯಿತು. ಸ್ಪೀಕರ್ ಹಚ್ಚಿ ಪಡಸಾಲೆಯಲ್ಲಿ ಕುಳಿತು ಮಾತಾಡುತ್ತಿದ್ದಳು. ಪಕ್ಕದಲ್ಲಿ ಮಾವ ಶಂಕರೆಪ್ಪ ಅರ್ಧ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಪ್ಪತ್ತೆರಡರ ಶಂಕರೆಪ್ಪ ಸರ್ವೇ ಇಲಾಖೆಯಲ್ಲಿದ್ದು ನಿವೃತ್ತರಾದವರು. ಬಾಗೇವಾಡಿ, ಮುದ್ದೇಬಿಹಾಳ ಭಾಗದ ಹೊಳೆದಂಡೆ ಊರುಗಳನ್ನೆಲ್ಲ ಸರಪಳಿ ಹಿಡಿದು ಅಳೆದವರು. ಮಾತು ಕಡಿಮೆ.

ಭಾದ್ರಪದ ಹತ್ತಿದ ಮೇಲೆ ಜ್ಞಾನದಾಸಿಯ ಸಲಹೆಗಳು ಬೇರೆ ಥರ ಆದವು.

"ನೀವು ಮೇಲಿನ ಕೋಣೆಯನ್ನೇ ತೆಗೆದುಕೊಳ್ಳಿ. ಕೆಳಗಿನದು ಬೇಡ" ಎಂದಳು ಒಂದು ದಿನ.

"ಯಾಕೆ ದೀದಿ? ಮಾವನವರಿಗೆ ಮೆಟ್ಟಿಲು ಕಷ್ಟ."

"ನೆಲ ತಂಪು ಹಿಡಿದಿದೆ" ಎಂದಳು ಅವಳು. "ಮೇಲೇ ಇರಲಿ."

ಮುಂದಿನ ವಾರ, ಬರುವಾಗ ನೀರು ಸೋಸುವ ಬಾಟಲಿ ತರಲು ಹೇಳಿದಳು. ಊರವರು ಅಜ್ಜ ಮುತ್ತಜ್ಜರ ಕಾಲದಿಂದ ಕುಡಿಯುತ್ತಿದ್ದ ಚಿಲುಮೆ ಬತ್ತಿದೆಯಂತೆ. ಜಯಮಾಲಾಳಿಗೆ ಆಶ್ಚರ್ಯವಾಯಿತು. "ಮಳೆ ಇಷ್ಟು ಸುರಿಯುತ್ತಿದೆ ಅಂತೀರಿ, ಚಿಲುಮೆ ಹೇಗೆ ಬತ್ತಿತು?"

"ಅದೇ ನೋಡಿ. ಅಲ್ಲಿ ಬತ್ತಿತು, ನಮ್ಮ ಕೊಟ್ಟಿಗೆಯ ಕೆಳಗೆ ಹೊಸದೊಂದು ಹುಟ್ಟಿತು. ರಾಡಿ ನೀರು. ಹಸು ಕುಡಿಯುವುದಿಲ್ಲ."

ಶಂಕರೆಪ್ಪ ಕಣ್ಣು ತೆರೆದರು. ಅವರಿಗೆ ಹಿಂದಿ ತಕ್ಕಮಟ್ಟಿಗೆ ತಿಳಿಯುತ್ತಿತ್ತು. "ಯಾವ ಬಣ್ಣದ ರಾಡಿ ಐತಿ ಕೇಳ ಯವ್ವಾ" ಎಂದರು. ಜಯಮಾಲಾ ಕೇಳಿದಳು. ಬೂದಿ ಬಣ್ಣ ಎಂಬ ಉತ್ತರ ಬಂತು. ಆ ಸಂಜೆ ಶಂಕರೆಪ್ಪ ಚಹಾ ಕುಡಿಯದೆ ಹಾಗೇ ಬಿಟ್ಟಿದ್ದರು.

ಆಮೇಲೆ ಬಂದದ್ದು ಬಾಗಿಲಿನ ಮಾತು. "ಕೋಣೆಯ ಚಿಲಕ ಹತ್ತುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೆದರಬೇಡಿ, ನಮ್ಮಲ್ಲಿ ಕಳ್ಳರಿಲ್ಲ."

"ಚಿಲಕ ಮುರದೈತೋ, ಬಾಗಲಾ ಕೂಡವಲ್ದೋ?" ಶಂಕರೆಪ್ಪ ಈ ಸಲ ತಾವೇ ಫೋನಿನತ್ತ ಬಗ್ಗಿದರು. ಜಯಮಾಲಾ ಹಿಂದಿಯಲ್ಲಿ ಕೇಳಿದಳು.

ಚಿಲಕ ಗಟ್ಟಿಯಾಗಿಯೇ ಇತ್ತು. ಬಾಗಿಲೇ ಚೌಕಟ್ಟಿಗೆ ಕೂಡುತ್ತಿರಲಿಲ್ಲ. ಹೋದ ತಿಂಗಳು ಜೀವನಲಾಲ ಅಂಚು ಹೆರೆದು ಕೂಡಿಸಿದ್ದನಂತೆ. ಈಗ ಮತ್ತೆ ಎರಡು ಬೆರಳು ಅಂತರ. ತೋಟದ ಸೇಬಿನ ಗಿಡಗಳೂ ಇಳಿಜಾರಿನ ಕಡೆಗೆ ವಾಲಿವೆ ಎಂದಳು. ಹೋದ ವಾರ ಬಂದ ಪ್ರವಾಸಿಗಳು ಆ ಗಿಡಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಹೋದರಂತೆ.

"ಆ ಗೋಡಿ ನೋಡಬೇಕ ನಾ" ಎಂದರು ಶಂಕರೆಪ್ಪ.

ಜ್ಞಾನದಾಸಿ ವೀಡಿಯೊ ಕಾಲ್ ಮಾಡಿ ಮನೆಯೆಲ್ಲ ತೋರಿಸಿದಳು. ಕಲ್ಲು ಮತ್ತು ಮರದ ಎರಡಂತಸ್ತಿನ ಮನೆ. ಕೆಳಗಿನ ಕೋಣೆಯ ಮೂಲೆಯಲ್ಲಿ ನೆಲದಿಂದ ಮಾಡಿನವರೆಗೆ ಒಂದು ಬಿರುಕು ಓಡಿತ್ತು. ಗಾರೆ ಮೆತ್ತಿದ್ದರು. ಮೆತ್ತಿದ ಗಾರೆಯೂ ಸೀಳಿತ್ತು. ಶಂಕರೆಪ್ಪ ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ನೋಡಿದರು.

"ಗೋಧಿ ಹಿಟ್ಟಿನ ಅಂಟು ಮಾಡಿ, ಆ ಬಿರುಕಿನ ಮ್ಯಾಲ ಅಡ್ಡ ಒಂದ ಕಾಗದದ ಪಟ್ಟಿ ಹಚ್ಚಾಕ ಹೇಳ. ಅದರ ಮ್ಯಾಲ ತಾರೀಖ ಬರೀಲಿ. ಹರದ ದಿನ ನಮಗ ಫೋನ್ ಮಾಡ್ಲಿ."

ಜ್ಞಾನದಾಸಿ ನಗಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಮರುದಿನವೇ ಹಚ್ಚಿ ಫೋಟೋ ಕಳಿಸಿದಳು. ನಾಲ್ಕನೆಯ ದಿನ ಮತ್ತೊಂದು ಫೋಟೋ ಬಂತು. ಪಟ್ಟಿ ನಡುವೆ ಹರಿದಿತ್ತು. ಎರಡನೆಯ ಪಟ್ಟಿ ಹಚ್ಚಿದರು. ಅದು ಎರಡೇ ದಿನ ಬಾಳಿತು.

ಆ ದಿನ ಸಂಜೆ ಜಯಮಾಲಾಳಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಗಂಡಸು. ಸರೋಲಿಯಲ್ಲಿ ಮನೆ ಬಾಡಿಗೆಗೆ ಕೊಡುವವರ ಸಂಘದವನು ಎಂದ. ಮೆತ್ತಗೆ ಮಾತಾಡುತ್ತಿದ್ದ.

"ಜನರ ಮನೆ ಗೋಡೆಗೆ ಕಾಗದ ಅಂಟಿಸಲು ಹೇಳುತ್ತಿರುವವರು ನೀವೇನಾ?"

"ನಾವು ಬರುವವರಿದ್ದೇವೆ, ಅದಕ್ಕೆ—"

"ಬರುವುದಾದರೆ ಬನ್ನಿ. ಇಲ್ಲವಾದರೆ ಸುಮ್ಮನಿರಿ. ನಮ್ಮ ಊರಿನ ಮನೆಗಳು ಇನ್ನೂರು ವರ್ಷದಿಂದ ನಿಂತಿವೆ. ಇಂಥ ಸುದ್ದಿ ಹಬ್ಬಿದರೆ ಈ ಊರಿಗೆ ಯಾರು ಬರುತ್ತಾರೆ? ಆ ಹೆಂಗಸಿಗೂ ಹೇಳಿದ್ದೇನೆ. ಇನ್ನು ಅವಳು ಮಾತಾಡುವುದಿಲ್ಲ."

ಅವನು ಹೇಳಿದಂತೆಯೇ ಆಯಿತು. ಆರು ದಿನ ಜ್ಞಾನದಾಸಿ ಫೋನು ಎತ್ತಲಿಲ್ಲ. ಚಹಾದಂಗಡಿಯವನು ಎತ್ತಿದ. "ಇಲ್ಲಿ ಎಲ್ಲ ಚೆನ್ನಾಗಿದೆ, ಬನ್ನಿ" ಎಂದ. ಅದೇ ಮಾತನ್ನು ಅದೇ ಧಾಟಿಯಲ್ಲಿ ಮತ್ತೊಮ್ಮೆ ಹೇಳಿ ಇಟ್ಟುಬಿಟ್ಟ. ಬದಿಯಲ್ಲಿ ಯಾರೋ ನಿಂತು ಹೇಳಿಸುತ್ತಿದ್ದ ಹಾಗಿತ್ತು.

ಇಂಡಿಯಲ್ಲೂ ಆಗ ಮಳೆ. ಭೀಮೆ ತುಂಬಿ, ಹೊಲದ ತೊಗರಿ ನೀರಲ್ಲಿ ನಿಂತಿತ್ತು. ಹೊರಡುವುದಕ್ಕೆ ಎಂಟು ದಿನ ಉಳಿದಿತ್ತು. ಜಯಮಾಲಾ ಗಂಡನಿಗೆ, "ಹೋಗೂದ ಬ್ಯಾಡ್ರಿ" ಎಂದಳು.

ಅನೀಲಕುಮಾರನಿಗೆ ಸಿಟ್ಟು ಬಂತು. ಎರಡು ತಿಂಗಳಿಂದ ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. "ಒಂದ ಕಾಗದ ಹರೀತು ಅಂತ ಟೂರ್ ಬಿಡೂದೇನ? ಸಾಹೇಬ್ರಿಗಿ ಏನಂತ ಹೇಳಲಿ? ನಗತಾರ."

ಶಂಕರೆಪ್ಪ ಒಳಗಿಂದ, "ನಾ ಅಂತೂ ಬರಾಂವಲ್ಲ. ನೀವೂ ಹೋಗಬ್ಯಾಡ್ರಿ" ಎಂದರು. ಅಪ್ಪನ ಮಾತು ಮೀರುವುದು ಅನೀಲಕುಮಾರನಿಂದ ಆಗಲಿಲ್ಲ. ಮರುದಿನ ಕಾರ್ಖಾನೆಯಿಂದ ಬಂದವನು ಬೂಟು ಬಿಚ್ಚುತ್ತ ಹೇಳಿದ:

"ಹೇಳೇನಿ. ಅಪ್ಪನ ತಬ್ಬೇತ ಸುಮಾರೈತಿ, ಬಿಟ್ಟ ಬರಾಕ ಆಗೂದಿಲ್ಲ ಅಂದ್ನಿ. ಅವರು ಹೊಂಟಾರ, ಹೋಗಲಿ."

"ಮನೀದು? ಬಿರುಕಿಂದು?"

"ಅದನ್ನ ಹೇಳಿದ್ರ ನಮ್ಮನ್ನ ಹುಚ್ಚರ ಅಂತಾರ. ಇಷ್ಟ ವರ್ಷ ನಿಂತ ಮನಿ ಇನ್ನ ಹದಿನೈದ ದಿನ ನಿಂದರೂದಿಲ್ಲೇನ? ನೀನೂ ಮಾತಾಡಬ್ಯಾಡ. ಅವರು ನನ್ನ ಸಾಹೇಬ್ರು, ತಿಳೀತಿಲ್ಲ?"

ಜಯಮಾಲಾ ಮಾತಾಡಲಿಲ್ಲ. ಮೊದಲ ದಿನ ಸಿಟ್ಟಿನಿಂದ ಸುಮ್ಮನಿದ್ದಳು. ಎರಡನೆಯ ದಿನ, ಇವತ್ತು ದಾನೇಶ್ವರಿಗೆ ಫೋನು ಮಾಡೋಣ ಎಂದು ಎರಡು ಸಲ ಫೋನು ಹಿಡಿದು ಇಟ್ಟಳು. ಮೂರನೆಯ ದಿನ, ಇಷ್ಟು ತಡ ಮಾಡಿ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎನ್ನಿಸಿತು. ಶಂಕರೆಪ್ಪನವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಎರಡೂ ಮನೆಯವರು ಪ್ರವಾಸ ಬಿಟ್ಟಿದ್ದಾರೆ ಎಂದೇ ತಿಳಿದಿದ್ದರು.

ನಾಲ್ಕನೆಯ ದಿನ, ಜಯಮಾಲಾ ಶಾಲೆಯ ವರಾಂಡದಲ್ಲಿದ್ದಾಗ, ಜ್ಞಾನದಾಸಿಯೇ ಫೋನು ಮಾಡಿದಳು. ಪಿಸುದನಿ. ಬೇರೆ ಯಾರದೋ ನಂಬರು.

"ಲಾರಿಯಣ್ಣ ಹೇಳಿದ, ನೀವು ಬರುವುದಿಲ್ಲವಂತೆ. ನಿಜವೇ?"

"ಹೌದು ದೀದಿ. ನಾವು ಬರುತ್ತಿಲ್ಲ. ಕಲ್ಮೇಶ ಅಂತ, ಅವರ ಮನೆಯವರು ಬರುತ್ತಾರೆ."

"ನೀವು ಬರದಿರುವುದು ಒಳ್ಳೆಯದು. ನನ್ನ ಬಾಯಿಂದ ಬರಬೇಡಿ ಅನ್ನಲು ಆಗುವುದಿಲ್ಲ. ಇಲ್ಲಿ ಬಾಳಬೇಕಲ್ಲ. ಅವರಿಗೆ ನೀವು ಎಲ್ಲ ಹೇಳಿದ್ದೀರಿ ತಾನೇ?"

ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಒಮ್ಮೆಲೇ ಹೊರಗೆ ನುಗ್ಗಿದರು.

"ಹೇಳಿದ್ದೇನೆ" ಎಂದಳು ಜಯಮಾಲಾ.

ಉಳಿದ ಮೂರು ದಿನವೂ ಅವಳಿಂದ ಫೋನು ಮಾಡಲಾಗಲಿಲ್ಲ. ಅದರ ಮರುದಿನ ಕಲ್ಮೇಶನ ಮನೆಯವರು ಸೊಲ್ಲಾಪುರದಲ್ಲಿ ರೈಲು ಹತ್ತಿದರು. ದಾನೇಶ್ವರಿ ಸ್ಟೇಷನ್ನಿನಿಂದ ಫೋಟೋ ಕಳಿಸಿದಳು. ಇಬ್ಬರು ಹುಡುಗಿಯರೂ ಹೊಸ ಸ್ವೆಟರ್ ಹಾಕಿಕೊಂಡು, ಸೊಲ್ಲಾಪುರದ ಸೆಕೆಯಲ್ಲಿ ಬೆವರುತ್ತ ನಿಂತಿದ್ದರು.

ಅವರು ಸರೋಲಿ ಮುಟ್ಟಿದ ಮರುದಿನ ಮಧ್ಯಾಹ್ನ ಮೂರೂವರೆಗೆ ಪಡಸಾಲೆಯಲ್ಲಿಟ್ಟಿದ್ದ ಜಯಮಾಲಾಳ ಫೋನು ಸದ್ದು ಮಾಡಿತು. ದಾನೇಶ್ವರಿಯ ವೀಡಿಯೊ ಕಾಲ್. ಜಯಮಾಲಾ ಅಡುಗೆಮನೆಯಲ್ಲಿದ್ದಳು. ಶಂಕರೆಪ್ಪನವರೇ ಎತ್ತಿದರು.

"ಕಾಕಾರ, ಆರಾಮ ಅದೀರಿ ಈಗ? ನಿಮಗ ಹುಷಾರಿಲ್ಲಂತ ಇವರೂ ಬರಲಿಲ್ಲ. ಇಲ್ಲಿ ನೋಡ್ರಿ, ಎಷ್ಟ ಛಂದ ಮಳಿ ಹೊಡ್ಯಾಕತ್ತೈತಿ!"

ಪರದೆಯಲ್ಲಿ ದಾನೇಶ್ವರಿಯ ಹಿಂದೆ ಕಾಣುತ್ತಿದ್ದ ಬಾಗಿಲನ್ನು ಶಂಕರೆಪ್ಪ ಗುರುತಿಸಿದರು. ತಲೆ ಎತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ನೋಡಿದರು. ಅವಳ ಮುಖ ನೋಡಿದೊಡನೆ ಎಲ್ಲ ತಿಳಿಯಿತು.

"ನನ್ನ ಹೆಸರ್ಲೆ ಸುಳ್ಳ ಹೇಳಿ ಅವರನ್ನ ಕಳಿಸಿದ್ರೇನ?" ಎಂದರು. ದನಿ ಏರಿಸಿರಲಿಲ್ಲ. ಮತ್ತೆ ಫೋನಿನ ಕಡೆಗೆ ತಿರುಗಿ, "ದಾನೇಶ್ವರಿ, ಆ ಬಾಗಲಾ ಮುಚ್ಚಿ ತೋರಸವ್ವಾ" ಎಂದರು.

ಅವಳು ನಗುತ್ತ ಬಾಗಿಲು ಎಳೆದಳು. ಬಾಗಿಲು ಅರ್ಧಕ್ಕೇ ನೆಲಕ್ಕೆ ಕಚ್ಚಿ ನಿಂತಿತು.

"ಹಿಂದ ಕೊಟ್ಟಿಗಿ ಐತಲ್ಲ, ಕಿಡಕಿಲಿಂದ ಅದನ್ನ ತೋರಸು."

ಕಿಟಕಿಯಾಚೆ ಕೊಟ್ಟಿಗೆಯ ಬುಡದಿಂದ ಬೂದಿ ಬಣ್ಣದ ನೀರು ಕೈತೋಳಿನಷ್ಟು ದಪ್ಪಗೆ ಹೊರಗೆ ಚಿಮ್ಮುತ್ತಿತ್ತು. ಹಸು ಹಗ್ಗ ಹರಿದುಕೊಂಡು ದೂರದ ಬಂಡೆಯ ಮೇಲೆ ಮಳೆಯಲ್ಲಿ ನಿಂತಿತ್ತು.

"ಮಕ್ಕಳನ್ನ ಕರಕೊಂಡ ಹೊರಗ ಹೋಗ್ರಿ" ಎಂದರು ಶಂಕರೆಪ್ಪ. "ಈಗ. ಚಪ್ಪಲಿ ಹುಡುಕಬ್ಯಾಡ್ರಿ. ಗುಡ್ಡದ ಕೆಳಗ ಇಳೀಬ್ಯಾಡ್ರಿ, ಅಡ್ಡಕ್ಕ ಹೋಗ್ರಿ, ಆ ಹಸು ನಿಂತೈತಲ್ಲ ಆ ಕಡೆ."

ದಾನೇಶ್ವರಿಯ ನಗು ನಿಂತಿತು. ಕಲ್ಮೇಶ ಫೋನು ಇಸಿದುಕೊಂಡ. "ಏನ್ರಿ ಕಾಕಾರ? ಯಾಕ ಅಂಜಸಾಕತ್ತೀರಿ? ನೀವು ಮಲ್ಕೋರಿ, ನಿಮಗ ಆರಾಮ ಇಲ್ಲ."

"ನನಗೇನೂ ಆಗಿಲ್ಲಪಾ. ಅದು ಸುಳ್ಳ."

ಜಯಮಾಲಾ ಓಡಿ ಬಂದು ಫೋನಿನ ಮುಂದೆ ನಿಂತಳು. ಬಿರುಕು, ಚಿಲುಮೆ, ಹರಿದ ಕಾಗದ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ಅದಕ್ಕ ನಾವ ಬರಲಿಲ್ರಿ ಸರ್. ನಿಮಗ ಹೇಳಲಿಲ್ಲ. ಹೋಗ್ರಿ ಹೊರಗ, ನಿಮ್ಮ ಕಾಲಿಗಿ ಬೀಳ್ತೇನಿ."

ಕಲ್ಮೇಶ ಅವಳನ್ನೇ ನೋಡಿದ. ಅವನು ಮೊದಲು ಏನು ಯೋಚಿಸಿದನೋ ತಿಳಿಯದು. ಹಿಂದಿನಿಂದ ಜ್ಞಾನದಾಸಿಯ ಜೋರು ದನಿ ಕೇಳಿಸಿತು. ಮಕ್ಕಳು ಅತ್ತದ್ದು ಕೇಳಿಸಿತು. "ದಾನೇಶ್ವರಿ, ನೀ ಮಕ್ಕಳನ್ನ ಕರಕೊಂಡ ನಡಿ. ನಾ ಬ್ಯಾಗ್ ತಗೊಂಡ ಬಂದ್ನಿ" ಎಂದ ಅವನು. ಪರದೆಯಲ್ಲಿ ಮಾಡಿನ ಒಂದು ತೊಲೆ ಕಂಡಿತು. ಅಲ್ಲಿಗೆ ಕಾಲ್ ಕಡಿದುಹೋಯಿತು.

ಮತ್ತೆ ಹಚ್ಚಿದರೆ ಹತ್ತಲಿಲ್ಲ. ನಲವತ್ತು ಸಲ ಹಚ್ಚಿರಬಹುದು. ಶಂಕರೆಪ್ಪ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತರು. ಬಹಳ ಹೊತ್ತಿನ ಮೇಲೆ, ಯಾರೂ ಕೇಳದಿದ್ದರೂ ಹೇಳಿದರು:

"ಮುದ್ದೇಬಿಹಾಳ ಕಡಿ ಹೊಳಿ ದಂಡಿಗಿ ಹನಮವ್ವ ಅಂತ ಒಬ್ಬಾಕಿ ಇದ್ಲು. ಡ್ಯಾಮಿನ ಹಿನ್ನೀರ ಎಲ್ಲಿ ತನಕ ಬರ್ತೈತಿ ಅಂತ ಕಲ್ಲ ನೆಟ್ಟಾಂವ ನಾನ. ಆಕಿ ಮನಿ ಆ ಗೆರಿಕಿಂತ ನಾಕ ಫೂಟ ಮ್ಯಾಲಿತ್ತು. ಸಾಹೇಬಾ, ನೆಲದಾಗ ಜ್ವಾಳ ತುಂಬಿಡೂ ನಮ್ಮ ಹಗೇವಿನಾಗ ನೀರ ಒಸರಾಕತ್ತೈತಿ, ಬಂದ ನೋಡು ಅಂದ್ಲು. ನಾ ಹೋಗಿ ನೋಡ್ನಿ. ಹಸಿ ಇತ್ತು. ನಕಾಶೆದಾಗ ನಿನ್ನ ಮನಿ ಮುಳಗೂದಿಲ್ಲ ಬೇ, ಅಂಜಬ್ಯಾಡ ಅಂತ ಹೇಳಿ ಬಂದ್ನಿ. ಮುಂದಿನ ಮಳಿಗಾಲಕ್ಕ ಹಿತ್ತಲ ಗೋಡಿ ನೆನದು ಆಕಿ ಮ್ಯಾಲ ಬಿತ್ತು. ಅಲ್ಲೇ ಸತ್ಲು." ಕನ್ನಡಕ ತೆಗೆದು ಪಕ್ಕಕ್ಕಿಟ್ಟು, "ನನ್ನ ನಕಾಶೆ ಬರೋಬ್ಬರಿ ಇತ್ತು" ಎಂದರು.

ಅನೀಲಕುಮಾರ ಕಾರ್ಖಾನೆಯಿಂದ ಬಂದಾಗ ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ವಿಷಯ ಕೇಳಿ ಅವನು ಹೊಸ್ತಿಲ ಮೇಲೆಯೇ ಕುಳಿತುಬಿಟ್ಟ. ಬೂಟು ಬಿಚ್ಚುವುದೂ ಅವನಿಗೆ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಟಿವಿಯಲ್ಲಿ ಸರೋಲಿ ಹತ್ತು ಸೆಕೆಂಡು ಕಾಣಿಸಿತು. ಹಸಿರು ಗುಡ್ಡದ ನಡುವೆ ಕಂದು ಬಣ್ಣದ ಉದ್ದ ಗಾಯ. ಊರಿನ ಕೆಳಗಿನ ಓಣಿ ಇರಲಿಲ್ಲ. ಒಂಬತ್ತು ಗಂಟೆಗೆ ದಾನೇಶ್ವರಿಯ ಫೋನು ಬಂತು. ಅವಳೂ ಮಕ್ಕಳೂ ಉಳಿದಿದ್ದರು. ಕಲ್ಮೇಶನ ಕಾಲು ಎರಡು ಕಡೆ ಮುರಿದಿತ್ತು, ಸೈನಿಕರು ಹೊತ್ತು ಕೆಳಗೆ ಒಯ್ದಿದ್ದರು. ಹನ್ನೊಂದು ಮನೆ ಹೋಗಿದ್ದವು. ಸತ್ತವರು ನಾಲ್ವರು. ಅವರಲ್ಲಿ ಜೀವನಲಾಲ ಒಬ್ಬ.

ಕಲ್ಮೇಶ ಸಿಂದಗಿಗೆ ಮರಳಿದ್ದು ಇಪ್ಪತ್ತು ದಿನದ ಮೇಲೆ. ಮಾತಾಡಿಸಲು ಹೋಗಬೇಕೆಂದಾಗ ಅನೀಲಕುಮಾರ, "ನನಗ ಆಗೂದಿಲ್ಲ, ಅವರ ಮುಖ ಹೆಂಗ ನೋಡ್ಲಿ" ಎಂದ. ಜಯಮಾಲಾ ಮಾವನ ಜೊತೆ ಬಸ್ಸಿನಲ್ಲಿ ಹೊರಟಳು.

ದಾನೇಶ್ವರಿ ಬಾಗಿಲು ತೆಗೆದು, "ಬರ್ರಿ" ಎಂದಳು. ನೀರು ಕೊಟ್ಟಳು. ಜಯಮಾಲಾಳ ಮುಖ ನೋಡಲಿಲ್ಲ. ಕಲ್ಮೇಶ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಇತ್ತು. ತುಂಬಾ ಇಳಿದುಹೋಗಿದ್ದ. ಶಂಕರೆಪ್ಪನವರಿಗೆ ಕೈ ಮುಗಿದು, ಜಯಮಾಲಾಳನ್ನು ಕೇಳಿದ:

"ನಿಮಗ ಎಂದ ಗೊತ್ತಾಗಿತ್ರಿ ಬಾಯಾರ?"

ದಾರಿಯಲ್ಲಿ ಅವಳು ನಾಲ್ಕಾರು ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಗಂಡ ಬೇಡ ಎಂದದ್ದು, ಸಂಘದವನು ಹೆದರಿಸಿದ್ದು, ಖಾತ್ರಿ ಇರಲಿಲ್ಲ ಎಂಬುದು.

"ನೀವು ರೈಲ ಹತ್ತೂಕಿಂತ ಎಂಟ ದಿನ ಮೊದಲಽ ಗೊತ್ತಿತ್ರಿ" ಎಂದಳು. "ದಿನಾ ಫೋನ್ ಹಿಡೀತಿದ್ನಿ. ಮಾಡಲಿಲ್ಲ."

ಕಲ್ಮೇಶ ತಲೆಯಾಡಿಸಿದ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಅವನು ಆ ದಿನದ್ದನ್ನು ತಾನಾಗಿ ಹೇಳತೊಡಗಿದ. ದಾನೇಶ್ವರಿ, ಮಕ್ಕಳು ಹೊರಗೆ ಹೋಗಿದ್ದರು. ಇವನು ಮೇಲಿನ ಕೋಣೆಯಲ್ಲಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ. ಜೀವನಲಾಲ ಮೆಟ್ಟಿಲು ಹತ್ತಿ ಬಂದು ಬ್ಯಾಗು ಕಸಿದುಕೊಂಡು ಇವನನ್ನು ಮುಂದೆ ದಬ್ಬಿದ. ಇವನು ಇಳಿದು ಅಂಗಳ ದಾಟುವಷ್ಟರಲ್ಲಿ ಹಿಂದೆ ಸದ್ದಾಯಿತು. ಸದ್ದು ದೊಡ್ಡದೇನೂ ಇರಲಿಲ್ಲವಂತೆ. ತಿರುಗಿ ನೋಡಿದರೆ ಮನೆ ಇರಲಿಲ್ಲ. ಉರುಳಿ ಬಂದ ಕಲ್ಲೊಂದು ಇವನ ಕಾಲ ಮೇಲೆ ಬಿತ್ತು.

"ಆಕಿಗಿ ಒಂದ ಫೋನ್ ಹಚ್ಚಿ ಕೊಡ್ರಿ" ಎಂದ. "ನನಗ ಹಿಂದಿ ನೆಟ್ಟಗ ಬರೂದಿಲ್ಲ. ನೀವ ಹೇಳಬೇಕ. ನಿಮ್ಮ ಗಂಡ ನನ್ನ ಸಲುವಾಗಿ ಸತ್ತ್ರು ಅಂತ ಹೇಳ್ರಿ."

ಜಯಮಾಲಾ ಫೋನು ಹಚ್ಚಿದಳು. ಜ್ಞಾನದಾಸಿ ಮೇಲಿನ ಊರಿನ ಅಕ್ಕನ ಮನೆಯಲ್ಲಿದ್ದಳು. ಅವಳ ದನಿ ಜೋರು ಇರಲಿಲ್ಲ. ಕಲ್ಮೇಶನ ಮಾತನ್ನು ಜಯಮಾಲಾ ಹಿಂದಿಯಲ್ಲಿ ಹೇಳಿದಳು. ಅತ್ತಲಿಂದ, "ಅವರ ಕಾಲು ಹೇಗಿದೆ?" ಎಂಬ ಪ್ರಶ್ನೆ ಬಂತು.

"ಮೂಳೆ ಕೂಡುತ್ತಿದೆ. ದೀದಿ..." ಜಯಮಾಲಾ ಹೇಳಿಬಿಟ್ಟಳು. "ಆ ದಿನ ನೀವು ಕೇಳಿದಾಗ ಅವರಿಗೆ ಹೇಳಿದ್ದೇನೆ ಎಂದೆ. ಹೇಳಿರಲಿಲ್ಲ."

ಅತ್ತ ಜ್ಞಾನದಾಸಿ ಬಾಗಿಲು ಮುಚ್ಚಿ ಹೊರಗೆ ಬಂದ ಸದ್ದಾಯಿತು.

"ಅವರು ಬಸ್ಸಿಳಿದು ನಗುತ್ತ ಬಂದರಲ್ಲ, ಆಗಲೇ ನನಗೆ ಗೊತ್ತಾಯಿತು, ಇವರಿಗೆ ಏನೂ ಗೊತ್ತಿಲ್ಲ ಎಂದು. ಮಕ್ಕಳಿಗೆ ಹಸಿವಾಗಿತ್ತು. ಇವತ್ತು ಉಣ್ಣಲಿ, ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಬೆಳಿಗ್ಗೆ ಸಂಘದವರು ಬಂದು ಅಂಗಳದಲ್ಲೇ ಕೂತಿದ್ದರು" ಎಂದಳು. "ಕಲ್ಮೇಶ ಅವರನ್ನು ಒಂದು ಮಾತು ಕೇಳಿ. ಕೊನೆಗೆ ನಮ್ಮವರು ಏನಾದರೂ ಅಂದರೇ?"

ಜಯಮಾಲಾ ಕಲ್ಮೇಶನನ್ನು ಕೇಳಿದಳು.

"ಅಂದ್ರು. ಬ್ಯಾಗ್ ಕಸಗೊಂಡಾಗ ಏನೋ ಅಂದ್ರು. ನನಗ ತಿಳೀಲಿಲ್ಲ. ಅದು ಹಿಂದಿ ಅಲ್ರಿ."

"ಹೆಂಗ ಕೇಳಿಸ್ತೋ ಹಂಗ ಹೇಳ್ರಿ."

ಕಲ್ಮೇಶ ಕಣ್ಣು ಮುಚ್ಚಿಕೊಂಡ. ತುಟಿ ಎರಡು ಸಲ ಅಲುಗಿತು. ಆಮೇಲೆ ಅವನು ಅರ್ಥವಿಲ್ಲದ ನಾಲ್ಕೈದು ಶಬ್ದ ಅಂದ. ದಾನೇಶ್ವರಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಫೋನಿನಲ್ಲಿ ಜ್ಞಾನದಾಸಿ, "ಇನ್ನೊಮ್ಮೆ" ಎಂದಳು. ಅವನು ಇನ್ನೊಮ್ಮೆ ಅಂದ. ಮೂರನೆಯ ಸಲ ಅವಳು ಕೇಳದಿದ್ದರೂ ಅಂದ.

"ಅದು ನಮ್ಮ ಗುಡ್ಡದ ಮಾತು" ಎಂದಳು ಜ್ಞಾನದಾಸಿ. "ಮೆಟ್ಟಿಲು ಒದ್ದೆ ಇದೆ, ಗೋಡೆ ಹಿಡಿದುಕೊಂಡು ಇಳಿ ಅಂದಿದ್ದಾರೆ."

ಜಯಮಾಲಾ ಅದನ್ನು ಕನ್ನಡದಲ್ಲಿ ಹೇಳಿದಳು.

"ಗೋಡಿ ಹಿಡದಽ ಇಳದ್ನಿ ನಾ" ಎಂದ ಕಲ್ಮೇಶ. "ತಿಳೀಲಿಲ್ಲ. ಆದ್ರೂ ಹಿಡದಿದ್ನಿ. ಅಷ್ಟ ಆಕಿಗಿ ಹೇಳ್ರಿ."

ಅವಳು ಹೇಳಿದಳು. ಆಮೇಲೂ ಫೋನನ್ನು ಯಾರೂ ಇಡಲಿಲ್ಲ. ಅದು ಮಂಚದ ಮೇಲೆ, ಕಲ್ಮೇಶನ ಪ್ಲಾಸ್ಟರಿನ ಪಕ್ಕದಲ್ಲಿ ಹಾಗೇ ಇತ್ತು. ಅತ್ತ ಯಾರೋ ಕಟ್ಟಿಗೆ ಒಡೆಯುತ್ತಿದ್ದ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು.